ಪಕ್ಕದ ಶಾಲೆಯ ಜೊತೆ ಸೇರಿ ನಮ್ಮ ಶಾಲೆ ಸುಧಾರಿಸುವುದು ಹೇಗೆ? ಶಾಲಾ ಬಳಗ ಕಟ್ಟುವವರಿಗೆ ಮಾರ್ಗದರ್ಶಿ

"ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ಇದ್ದೇ ಇದೆ. ಮತ್ತೆ ಈ ಬಳಗ ಯಾಕೆ ಬೇಕು?" ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರದಿಂದ ಭಟ್ಕಳದವರೆಗಿನ ಶಿಕ್ಷಕರು, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಬೇಕು ಅಂತಲೇ ಇಟ್ಟುಕೊಳ್ಳೋಣ, ಶುರು ಮಾಡೋದು ಹೇಗೆ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಸಮಾಲೋಚನಾ ಸಭೆಗೆ ನಾವು ಹೆಚ್ಚಾಗಿ ಕಿವಿ ತೆಗೆದುಕೊಂಡು ಹೋಗುತ್ತೇವೆ. ಸುತ್ತೋಲೆ ಕೇಳುತ್ತೇವೆ, ಮಾಹಿತಿ ಕೊಡುತ್ತೇವೆ, ಹೊಸ ಕಾರ್ಯಕ್ರಮದ ವಿವರ ಬರೆದುಕೊಂಡು ಬರುತ್ತೇವೆ. ಅದೂ ಬೇಕು. ಆದರೆ ನಮ್ಮ ತರಗತಿಯ ಮಕ್ಕಳ ಪಟ್ಟಿ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಪಕ್ಕದ ಶಾಲೆಯ ಅಕ್ಕೋರ ಮುಂದೆ ಬಿಚ್ಚಿ, "ಇಲ್ಲಿ ನನ್ನ ಹುಡುಗರು ತಪ್ಪುತ್ತಿದ್ದಾರೆ, ನಿಮ್ಮಲ್ಲಿ ಹೇಗೆ?" ಎಂದು ಕೇಳುವ ಜಾಗ ಎಲ್ಲೂ ಇಲ್ಲ. ಆ ಜಾಗವನ್ನೇ ನಾನು ಶಾಲಾ ಬಳಗ ಎನ್ನುವುದು.

ಆಲೋಚನೆ ಹೊಸದಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೇ ಒಂದು ಪ್ರೌಢಶಾಲೆ ಮತ್ತು ಸುತ್ತಲಿನ ಪ್ರಾಥಮಿಕ ಶಾಲೆಗಳು ಒಂದು ಗುಂಪಾಗಿ ನಡೆಯಲಿ ಎಂದು ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 5ರಿಂದ 10 ಕಿಲೋಮೀಟರ್ ಒಳಗಿನ ಶಾಲೆಗಳನ್ನು "ಶಾಲಾ ಸಂಕೀರ್ಣ" ಎಂದು ಒಟ್ಟಿಗೆ ತರುವ ಮಾತಾಡುತ್ತದೆ. ಅಮೆರಿಕದಲ್ಲಿ ಆಂಥೊನಿ ಬ್ರೈಕ್ ಮತ್ತು ಕಾರ್ನೆಗಿ ಪ್ರತಿಷ್ಠಾನದವರು ಇದನ್ನು "ಸುಧಾರಣಾ ಜಾಲ" ಎಂಬ ಪದ್ಧತಿಯಾಗಿ ಬೆಳೆಸಿದರು. ಹಲವು ಶಾಲೆಗಳು ಒಂದೇ ಸಮಸ್ಯೆ ಹಿಡಿಯುತ್ತವೆ, ಒಂದೇ ರೀತಿ ಅಳೆಯುತ್ತವೆ, ಬೇರೆ ಬೇರೆ ಉಪಾಯ ಮಾಡಿ ನೋಡುತ್ತವೆ, ಕಂಡದ್ದನ್ನು ಹಂಚಿಕೊಳ್ಳುತ್ತವೆ. ಅಷ್ಟೇ. ನಮ್ಮ ಹಳ್ಳಿಯ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಇವತ್ತು ನಿಮ್ಮ ಗದ್ದೆಯಲ್ಲಿ ನಾವು, ನಾಳೆ ನಮ್ಮ ಗದ್ದೆಯಲ್ಲಿ ನೀವು.

ಶುರು ಮಾಡಲು ಬೇಕಾದದ್ದು ಇಷ್ಟು: ನಾಲ್ಕರಿಂದ ಆರು ಶಾಲೆ, ಒಂದು ಸಮಸ್ಯೆ, ಶಾಲೆಗೊಂದು ಇನ್ನೂರು ಪುಟದ ಪುಸ್ತಕ, ಐದಾರು ವಾರಕ್ಕೊಮ್ಮೆ ಒಂದು ಮಧ್ಯಾಹ್ನ. ದುಡ್ಡಿನ ಲೆಕ್ಕದಲ್ಲಿ ಬಸ್ ಚಾರ್ಜು ಮತ್ತು ಜೆರಾಕ್ಸ್ ಖರ್ಚು. ಯೋಜನೆ, ಅನುದಾನ, ಬ್ಯಾನರ್ ಯಾವುದಕ್ಕೂ ಕಾಯಬೇಡಿ.

ಹಂತ 1: ಶಾಲೆಗಳನ್ನು ಆರಿಸಿಕೊಳ್ಳಿ

ನಕಾಶೆ ನೋಡಿ ಆರಿಸಬೇಡಿ, ಬಸ್ಸಿನ ವೇಳೆ ನೋಡಿ ಆರಿಸಿ. ತದಡಿಯ ದಕ್ಕೆಯಲ್ಲಿ ನಿಂತರೆ ಹೊಳೆಯಾಚೆ ಅಘನಾಶಿನಿ ಊರು ಕಣ್ಣೆದುರೇ ಕಾಣುತ್ತದೆ. ದೋಣಿ ಇದ್ದರೆ ಹತ್ತಿರ. ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ನಮ್ಮ ಜಿಲ್ಲೆಯ ತುಂಬ ಇಂಥ ಜಾಗಗಳೇ. ಕರಾವಳಿಯಲ್ಲಿ ಹೊಳೆ ಅಡ್ಡ ಬರುತ್ತದೆ, ಮೇಲೆ ಘಟ್ಟ ಮತ್ತು ಕಾಡು. ಜೋಯಿಡಾದಲ್ಲಂತೂ ಒಂದೇ ಕ್ಲಸ್ಟರ್‌ನ, ಅಂದರೆ ಇಲಾಖೆ ಒಟ್ಟು ಮಾಡಿದ ಅಕ್ಕಪಕ್ಕದ ಶಾಲೆಗಳ ಗುಂಪಿನ, ಎರಡು ಶಾಲೆಗಳ ನಡುವೆ ಹೋಗಿ ಬರುವುದರಲ್ಲೇ ದಿನ ಮುಗಿಯಬಹುದು. ಶಾಲೆ ಬಿಟ್ಟ ಮೇಲೆ ಹೊರಟು ಕತ್ತಲಾಗುವ ಮೊದಲು ಮನೆ ಸೇರಲು ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಆಗದಿದ್ದರೆ ಆ ಬಳಗ ಎರಡನೇ ಸಭೆಗೇ ಸೊರಗುತ್ತದೆ.

ಒಂದೇ ತರಹದ ಶಾಲೆಗಳೇ ಬೇಕೆಂದಿಲ್ಲ. ಒಂದು ದೊಡ್ಡ ಹಿರಿಯ ಪ್ರಾಥಮಿಕ ಶಾಲೆ, ಎರಡು ಕಿರಿಯ ಪ್ರಾಥಮಿಕ ಶಾಲೆ, ಒಂದು ಅನುದಾನಿತ ಶಾಲೆ ಹೀಗೆ ಬೆರೆತಿದ್ದರೆ ಒಳ್ಳೆಯದು. ಮಕ್ಕಳ ಮನೆಮಾತೂ ಬೇರೆ ಬೇರೆ ಇದ್ದರೆ ಇನ್ನೂ ಲಾಭ. ಕಾರವಾರದ ಕಡೆ ಕೊಂಕಣಿ, ಅಂಕೋಲಾ ಕುಮಟಾದಲ್ಲಿ ಹಾಲಕ್ಕಿ ಕನ್ನಡ, ಭಟ್ಕಳದಲ್ಲಿ ನವಾಯತಿ, ಶಿರಸಿ ಸಿದ್ದಾಪುರದಲ್ಲಿ ಹವಿಗನ್ನಡ, ಹಳಿಯಾಳದ ಕಡೆ ಮರಾಠಿ. ಒಂದೇ ಪಾಠ ಬೇರೆ ಬೇರೆ ಕಿವಿಯ ಮೇಲೆ ಹೇಗೆ ಬೀಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಎಚ್ಚರಿಕೆ: ಏಕೋಪಾಧ್ಯಾಯ ಶಾಲೆಯನ್ನು ಬಿಡಬೇಡಿ. ಎಲ್ಲರಿಗಿಂತ ಜಾಸ್ತಿ ಒಂಟಿಯಾಗಿರುವವರು ಅವರೇ. ಅವರು ಶಾಲೆ ಬಿಟ್ಟು ಬರಲು ಆಗುವುದಿಲ್ಲ ಎಂಬುದು ನಿಜ. ಹಾಗಾಗಿ ಎರಡರಲ್ಲೊಂದು ಸಭೆ ಅವರ ಶಾಲೆಯಲ್ಲೇ ಇಡಿ. ಹತ್ತು ಮಕ್ಕಳ ಶಾಲೆಗೆ ಆರು ಮಂದಿ ಶಿಕ್ಷಕರು ಹೋದರೆ ಮಕ್ಕಳಿಗೂ ಹಬ್ಬ.

ಹಂತ 2: ಹೇಳಿ ಕೇಳಿ ಶುರು ಮಾಡಿ

ಸುಮ್ನೆ ನಮ್ಮ ಪಾಡಿಗೆ ನಾವು ಮಾಡೋಣ ಎಂದರೆ ನಡುವೆ ತೊಡಕಾಗುತ್ತದೆ. ಮುಖ್ಯ ಶಿಕ್ಷಕರು ಒಪ್ಪಿರಬೇಕು. ಸಿಆರ್‌ಪಿ, ಅಂದರೆ ನಿಮ್ಮ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ, ಜೊತೆಗಿರಬೇಕು. ಶಾಲೆಯ ವೇಳೆಯಲ್ಲಿ ಬೇರೆ ಶಾಲೆಗೆ ಹೋಗಬೇಕೆಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯ ಅನುಮತಿ ಬರವಣಿಗೆಯಲ್ಲಿ ಇರಬೇಕು. ಒಂದು ಪುಟದ ಪತ್ರ ಸಾಕು: ಯಾವ ಶಾಲೆಗಳು, ಯಾವ ಸಮಸ್ಯೆ, ಎಷ್ಟು ಸಲ ಸೇರುತ್ತೇವೆ, ಯಾವ ತಿಂಗಳವರೆಗೆ. ಕುಮಟಾದ ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಪರಿಚಯದವರಿದ್ದರೆ ಅವರಿಗೂ ಒಂದು ಪ್ರತಿ ಕೊಡಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲೂ ಬಾಯಿಮಾತಿನಲ್ಲಿ ತಿಳಿಸಿ. "ಮಾಸ್ತರು ತಿಂಗಳಿಗೊಂದು ಸಲ ಎಲ್ಲಿಗೆ ಹೋಗ್ತಾರೆ?" ಎಂಬ ಮಾತು ಊರಲ್ಲಿ ಹುಟ್ಟುವ ಮೊದಲೇ ಹೇಳಿಬಿಡುವುದು ಒಳ್ಳೆಯದು, ಅಲ್ವಾ?

ಇಲ್ಲೇ ಒಂದು ಮಾತು ಎಲ್ಲರೂ ಕೂಡಿ ಬರೆದು ಸಹಿ ಹಾಕಿ: ಬಳಗದ ಲೆಕ್ಕಗಳನ್ನು ಯಾವ ಶಾಲೆಗೂ ಸ್ಥಾನ ಕೊಡಲು ಬಳಸುವುದಿಲ್ಲ, ಯಾವ ಶಿಕ್ಷಕರ ಮೇಲೂ ನೋಟಿಸಿಗೆ ಬಳಸುವುದಿಲ್ಲ. ಇದನ್ನು ಅಧಿಕಾರಿಗಳೂ ಒಪ್ಪಬೇಕು. ನಾನು ಕಂಡ ಒಂದು ಗುಂಪು ಇದೊಂದನ್ನು ಮಾಡದೆ ಕೆಟ್ಟಿತು. ಮೂರನೇ ತಿಂಗಳಲ್ಲಿ ಯಾರೋ ಅಂಕಿಗಳನ್ನು ಪಟ್ಟಿ ಮಾಡಿ "ಕೊನೆಯ ಸ್ಥಾನ" ಎಂದು ಒಂದು ಶಾಲೆಯ ಹೆಸರನ್ನು ಗ್ರೂಪಿಗೆ ಹಾಕಿದರು. ನಾಲ್ಕನೇ ತಿಂಗಳಿಂದ ಎಲ್ಲ ಶಾಲೆಯಲ್ಲೂ ಎಲ್ಲ ಮಕ್ಕಳೂ ಪಾಸು. ಅಂಕಿ ಚೆಂದವಾಯಿತು, ಕಲಿಕೆ ಇದ್ದಲ್ಲೇ ಇತ್ತು.

ಹಂತ 3: ಒಂದೇ ಒಂದು ಸಮಸ್ಯೆ ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಈ ಹಂತಕ್ಕೆ ಎರಡು ಸಭೆ ಹೋದರೂ ಚಿಂತೆಯಿಲ್ಲ.

"ಗುಣಮಟ್ಟ ಹೆಚ್ಚಿಸುವುದು" ಸಮಸ್ಯೆಯ ಹೆಸರಲ್ಲ. "ಗಣಿತದಲ್ಲಿ ಹಿಂದುಳಿದಿದ್ದಾರೆ" ಕೂಡ ಅಲ್ಲ. "ನಾಲ್ಕನೇ ತರಗತಿಯ ಮಕ್ಕಳು ದಶಕ ಎರವಲು ಪಡೆದು ಕಳೆಯುವ ಲೆಕ್ಕದಲ್ಲಿ ತಪ್ಪುತ್ತಿದ್ದಾರೆ" ಎಂದರೆ ಅದು ಸಮಸ್ಯೆ. "ಮೂರನೇ ತರಗತಿಯವರು ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ" ಎಂಬುದು ಇನ್ನೊಂದು. "ಅಡಿಕೆ ಕೊಯ್ಲಿನ ದಿನಗಳಲ್ಲಿ ಆರು, ಏಳನೇ ತರಗತಿಯ ಹಾಜರಾತಿ ಬೀಳುತ್ತದೆ" ಎಂಬುದು ಮತ್ತೊಂದು. ಆರಿಸುವಾಗ ಮೂರು ಪ್ರಶ್ನೆ ಕೇಳಿ. ಇದು ಎಲ್ಲ ಶಾಲೆಯಲ್ಲೂ ಇದೆಯೇ? ಇದು ನಮ್ಮ ಕೈಯಲ್ಲಿದೆಯೇ? ಎಂಟು ಹತ್ತು ವಾರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಬಹುದೇ? ಹುದ್ದೆ ಖಾಲಿ ಇರುವುದು, ಕೊಠಡಿ ಸೋರುವುದು ನಿಜವಾದ ಕಷ್ಟಗಳೇ. ಆದರೆ ಅವುಗಳ ಅರ್ಜಿ ಹೋಗಬೇಕಾದ ದಾರಿ ಬೇರೆ. ಬಳಗದ ಮೊದಲ ಸಭೆಯನ್ನು ಆ ಅಳಲಿಗೆ ಬಿಟ್ಟುಕೊಟ್ಟರೆ ಮತ್ತೆ ಅಲ್ಲಿಂದ ಹೊರಗೆ ಬರುವುದು ಕಷ್ಟ.

ಸಮಸ್ಯೆ ಆರಿಸಿದ ಮೇಲೆ ಅದನ್ನು ಹತ್ತಿರದಿಂದ ನೋಡಬೇಕು. ಪ್ರತಿ ಶಾಲೆಯಿಂದ ಐದು ಮಕ್ಕಳ ಪುಸ್ತಕ ತನ್ನಿ. ಅಂಕ ನೋಡಬೇಡಿ, ತಪ್ಪು ನೋಡಿ. ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ. ಬಳಗದ ಕೆಲಸ ಏನೆಂದು ಇದರಲ್ಲೇ ಗೊತ್ತಾಗುತ್ತದೆ.

52ರಲ್ಲಿ 27 ಕಳೆಯಿರಿ ಎಂದು ಕೊಟ್ಟಾಗ ಹಲವು ಮಕ್ಕಳು 35 ಎಂದು ಬರೆಯುತ್ತಾರೆ. ಸರಿ ಉತ್ತರ 25. ಒಂದು ಸಭೆಯಲ್ಲಿ ಎರಡು ಶಾಲೆಯ ಪುಸ್ತಕದಲ್ಲೂ ಇದೇ 35 ಇತ್ತು. ಒಬ್ಬ ಅಕ್ಕೋರು, "ನಮ್ಮ ಮಕ್ಕಳಿಗೆ ಎರವಲು ಎಂದರೇನೆಂದೇ ಗೊತ್ತಿಲ್ಲ, ದೊಡ್ಡದರಿಂದ ಚಿಕ್ಕದು ಕಳೆದುಬಿಡುತ್ತಾರೆ" ಎಂದರು. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಆಯ್ತು 35. ಇನ್ನೊಂದು ಶಾಲೆಯ ಮಾಸ್ತರು ಒಪ್ಪಲಿಲ್ಲ. "ನಮ್ಮವರಿಗೆ ಎರವಲು ಗೊತ್ತು. 12ರಲ್ಲಿ 7 ಹೋದರೆ 5 ಎಂದು ಸರಿಯಾಗೇ ಮಾಡುತ್ತಾರೆ. ಆದರೆ ಕೊಟ್ಟ ಹತ್ತರ ಸ್ಥಾನದಲ್ಲಿ ಒಂದು ಕಡಿಮೆ ಮಾಡಲು ಮರೆಯುತ್ತಾರೆ. 5ರಲ್ಲಿ 2 ಹೋದರೆ 3." ಅಲ್ಲೂ 35!

ಇಬ್ಬರ ಮಾತೂ ಸರಿ. ಉತ್ತರ ಒಂದೇ, ತಪ್ಪು ಎರಡು. ಮೊದಲ ಮಗುವಿಗೆ ಕಡ್ಡಿಯ ಕಟ್ಟು ಬಿಚ್ಚಿ ತೋರಿಸಬೇಕು. ಎರಡನೇ ಮಗುವಿಗೆ ಅದೆಲ್ಲ ಗೊತ್ತಿದೆ, ಅದಕ್ಕೆ ಬೇಕಾದದ್ದು ಮರೆಯದಂತೆ ಗುರುತು ಹಾಕುವ ಅಭ್ಯಾಸ. ಎರಡೂ ಮಕ್ಕಳಿಗೆ "ಇನ್ನೂ ಹತ್ತು ಲೆಕ್ಕ ಮಾಡಿಕೊಂಡು ಬಾ" ಎಂದರೆ ಎರಡೂ ತಪ್ಪು ಗಟ್ಟಿಯಾಗುತ್ತವೆ ಅಷ್ಟೇ. ಬಿಡಿ ಸ್ಥಾನದ ಎರಡು ಅಂಕಿಗಳ ನಡುವೆ 5ರ ಅಂತರ ಇದ್ದಾಗಲೆಲ್ಲ ಹೀಗಾಗುತ್ತದೆ, ಎರಡು ತಪ್ಪೂ ಒಂದೇ ಉತ್ತರದಲ್ಲಿ ಅಡಗುತ್ತವೆ. 52ರ ಬದಲು 53ರಲ್ಲಿ 27 ಎಂದು ಕೊಟ್ಟು ನೋಡಿ. ಎರವಲು ಗೊತ್ತಿಲ್ಲದ ಮಗು 34 ಬರೆಯುತ್ತದೆ, ಕಡಿಮೆ ಮಾಡಲು ಮರೆತ ಮಗು 36 ಬರೆಯುತ್ತದೆ, ಸರಿಯಾಗಿ ಮಾಡಿದ್ದು 26. ಉತ್ತರವೇ ಕಾರಣ ಹೇಳಿಬಿಡುತ್ತದೆ. ಎರಡು ಶಾಲೆಯ ಪುಸ್ತಕ ಒಂದೇ ಮೇಜಿನ ಮೇಲೆ ಇಲ್ಲದಿದ್ದರೆ ಇದು ಆ ಇಬ್ಬರಿಗೂ ಹೊಳೆಯುತ್ತಿರಲಿಲ್ಲ.

ಹಾಜರಾತಿಯಂಥ ಸಮಸ್ಯೆಗೆ ಪುಸ್ತಕದ ಬದಲು "ಯಾಕೆ" ಎಂಬ ಪ್ರಶ್ನೆ ಬಳಸಿ. ಜಪಾನಿನ ಟೊಯೋಟ ಕಾರ್ಖಾನೆಯಿಂದ ಬಂದ ರೂಢಿ ಇದು: ಒಂದು ಕಾರಣ ಸಿಕ್ಕಿತು ಎಂದು ನಿಲ್ಲದೆ ಐದು ಸಲ ಯಾಕೆ ಎಂದು ಕೇಳುವುದು. ಮಗು ಯಾಕೆ ಬಂದಿಲ್ಲ? ತಮ್ಮನನ್ನು ನೋಡಿಕೊಳ್ಳಬೇಕು. ಯಾಕೆ? ಅಮ್ಮ ಅಡಿಕೆ ಸುಲಿಯಲು ಹೋಗಿದ್ದಾರೆ. ತಮ್ಮ ಅಂಗನವಾಡಿಗೆ ಯಾಕೆ ಹೋಗಿಲ್ಲ? ಅಮ್ಮ ಹೊರಡುವ ಹೊತ್ತಿಗೆ ಅಂಗನವಾಡಿ ತೆರೆದಿರುವುದಿಲ್ಲ. ಇಲ್ಲಿಗೆ ಬಂದಾಗ ಮಾತಾಡಬೇಕಾದದ್ದು ಯಾರ ಹತ್ತಿರ ಎಂದು ಗೊತ್ತಾಗುತ್ತದೆ. "ಪಾಲಕರಿಗೆ ಆಸಕ್ತಿ ಇಲ್ಲ" ಎಂಬ ಮಾತನ್ನು ಕಾರಣವೆಂದು ಬರೆಯಬೇಡಿ. ಅದನ್ನು ಬರೆದ ಕೂಡಲೇ ಯೋಚನೆ ನಿಂತುಹೋಗುತ್ತದೆ.

ಹಂತ 4: ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಎಣಿಕೆ ಚಿಕ್ಕದಿರಲಿ

"ಡಿಸೆಂಬರ್ ಕೊನೆಯೊಳಗೆ ನಮ್ಮ ಐದು ಶಾಲೆಗಳ ನಾಲ್ಕನೇ ತರಗತಿಯ 46 ಮಕ್ಕಳಲ್ಲಿ ಕನಿಷ್ಠ 40 ಮಂದಿ ಎರವಲು ಇರುವ ಐದರಲ್ಲಿ ನಾಲ್ಕು ಲೆಕ್ಕ ಸರಿ ಮಾಡಬೇಕು." ಗುರಿ ಹೀಗಿರಬೇಕು. ಯಾರು, ಏನು, ಎಷ್ಟು, ಯಾವಾಗ. ಈ ಸಂಖ್ಯೆ ಉದಾಹರಣೆಗೆ ಬರೆದದ್ದು, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಅಳತೆಗೆ ಎರಡು ವಾರಕ್ಕೊಮ್ಮೆ ಶುಕ್ರವಾರ ಹತ್ತು ನಿಮಿಷ, ಐದು ಲೆಕ್ಕದ ಚೀಟಿ. ಎಲ್ಲ ಶಾಲೆಗೂ ಅದೇ ಚೀಟಿ, ಅದೇ ದಿನ. ಇದು ಪರೀಕ್ಷೆಯಲ್ಲ ಎಂದು ಮಕ್ಕಳಿಗೆ ಹೇಳಿ. ಇದರ ಅಂಕ ಎಲ್ಲೂ ದಾಖಲಾಗುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನದ ಜೊತೆ, ಅಂದರೆ ವರ್ಷದ ನಡುವೆ ಬರುವ ಕಿರುಪರೀಕ್ಷೆಗಳ ಜೊತೆ ಇದನ್ನು ಕಲಸಬೇಡಿ. ಮಳೆ ರಜೆ ಬಂದರೆ ಮುಂದಿನ ಕೆಲಸದ ದಿನ ಮಾಡಿ, ಬಿಡಬೇಡಿ.

ನಮ್ಮ ಜಿಲ್ಲೆಗೆ ಮುಖ್ಯವಾದ ಒಂದು ಎಚ್ಚರಿಕೆ ಇದೆ. ಶೇಕಡಾವಾರು ಹಾಕಬೇಡಿ. ಶಿರಸಿ, ಯಲ್ಲಾಪುರ, ಸಿದ್ದಾಪುರದ ಒಳಗಿನ ಶಾಲೆಗಳಲ್ಲಿ ಒಂದು ತರಗತಿಯಲ್ಲಿ ಐದಾರು ಮಕ್ಕಳಿರುವುದು ಸಾಮಾನ್ಯ. ಆರು ಮಕ್ಕಳ ತರಗತಿಯಲ್ಲಿ ಒಂದು ಮಗುವಿಗೆ ಜ್ವರ ಬಂದು ಆ ದಿನ ಗೈರಾದರೆ, ಇಲ್ಲವೇ ಒಂದು ಮಗುವಿಗೆ ಹಠಾತ್ತಾಗಿ ಲೆಕ್ಕ ಹೊಳೆದರೆ, ಶೇಕಡಾ 17ರಷ್ಟು ಏರುಪೇರು. ಆ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. "6ರಲ್ಲಿ 4" ಎಂದು ಬರೆಯಿರಿ. ಚಿಕ್ಕ ತರಗತಿಯಲ್ಲಿ ಮಗುವಿನ ಹೆಸರೇ ನಿಮ್ಮ ಅಂಕಿಅಂಶ. ಎಲ್ಲ ಶಾಲೆಗಳ ಮಕ್ಕಳನ್ನು ಒಟ್ಟು ಮಾಡಿ ನೋಡಿದಾಗ ಮಾತ್ರ ಏರಿಕೆ ಇಳಿಕೆಗೆ ಅರ್ಥ ಬರುತ್ತದೆ. ಚಿಕ್ಕ ಶಾಲೆಗಳಿಗೆ ಬಳಗ ಬೇಕು ಎನ್ನಲು ಇದೂ ಒಂದು ಕಾರಣ. ಆರು ಮಕ್ಕಳಲ್ಲಿ ಕಾಣದ್ದು ನಲವತ್ತಾರು ಮಕ್ಕಳಲ್ಲಿ ಕಾಣುತ್ತದೆ.

ಹಂತ 5: ಚಿಕ್ಕದಾಗಿ ಮಾಡಿ ನೋಡಿ

ಇದಕ್ಕೆ ಪಿಡಿಎಸ್‌ಎ ಚಕ್ರ ಎಂಬ ಹೆಸರಿದೆ. ಯೋಚಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ನಾಲ್ಕು ಮಾತಿನ ಗುಂಪು ಅದು. ಇದರ ಬೇರು ಅಮೆರಿಕದ ವಾಲ್ಟರ್ ಶೂಹಾರ್ಟ್ ಎಂಬ ತಜ್ಞರ ಆಲೋಚನೆಯಲ್ಲಿದೆ. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಯವರಿಗೆ ಗುಣಮಟ್ಟದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ಅವರಿಂದ ಅದು ಜಗತ್ತಿಗೆಲ್ಲ ಹರಡಿತು. ಹೆಸರು ದೊಡ್ಡದು, ಕೆಲಸ ಹೊಸ ಅಡುಗೆಯ ಉಪ್ಪು ನೋಡಿದ ಹಾಗೆ. ಇಡೀ ಪಾತ್ರೆ ಬಡಿಸುವ ಮೊದಲು ಸೌಟಿನ ತುದಿಯಲ್ಲಿ ನೋಡುತ್ತೇವಲ್ಲ, ಹಾಗೆ.

ಯೋಚಿಸು: ಒಂದು ಉಪಾಯ ಆರಿಸಿ. ಏನಾಗಬಹುದು ಎಂಬ ನಿಮ್ಮ ಅಂದಾಜನ್ನು ಮೊದಲೇ ಬರೆದಿಡಿ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮೊದಲೇ ಬರೆಯದಿದ್ದರೆ ಆಮೇಲೆ ಏನಾದರೂ "ನಾನು ಅಂದುಕೊಂಡ ಹಾಗೇ ಆಯ್ತು" ಎನಿಸುತ್ತದೆ, ಕಲಿಯುವುದು ಏನೂ ಉಳಿಯುವುದಿಲ್ಲ.

ಮಾಡು: ಒಂದು ತರಗತಿ, ಒಂದು ವಾರ. ಅಷ್ಟಕ್ಕಿಂತ ಜಾಸ್ತಿ ಬೇಡ.

ಪರಿಶೀಲಿಸು: ಅಂದಾಜು ಮತ್ತು ಆದದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

ತಿದ್ದು: ಹಾಗೇ ಮುಂದುವರಿಸುವುದೋ, ಸ್ವಲ್ಪ ಬದಲಿಸುವುದೋ, ಕೈಬಿಡುವುದೋ ತೀರ್ಮಾನಿಸಿ.

ಬಳಗದಲ್ಲಿ ಇದರ ಸೊಗಸೆಂದರೆ ಐದು ಶಾಲೆ ಐದು ಉಪಾಯ ನೋಡಬಹುದು. ಕಳೆಯುವ ಲೆಕ್ಕಕ್ಕೇ ಬರೋಣ. ಒಂದು ಶಾಲೆ ತೆಂಗಿನ ಹಿಡಿಕಡ್ಡಿಯನ್ನು ಗೇಣುದ್ದ ಮುರಿದು ಹತ್ತರ ಕಟ್ಟು ಮಾಡುತ್ತದೆ. ರಬ್ಬರ್ ಹಾಕಿದ ಕಟ್ಟನ್ನು ಮಗು ತಾನೇ ಬಿಚ್ಚಬೇಕು, ಬಿಚ್ಚಿದ ರಬ್ಬರನ್ನು ಬೆರಳಿಗೆ ಹಾಕಿಕೊಳ್ಳಬೇಕು. ಬೆರಳಲ್ಲಿ ರಬ್ಬರ್ ಇದ್ದರೆ ಒಂದು ಕಟ್ಟು ಕಡಿಮೆಯಾಗಿದೆ ಎಂಬ ನೆನಪು. ಮರೆಯುವ ಮಕ್ಕಳಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಇನ್ನೊಂದು ಶಾಲೆ ರಟ್ಟಿನ ಹತ್ತು ರೂಪಾಯಿ, ಒಂದು ರೂಪಾಯಿ ಮಾಡಿ ಅಂಗಡಿ ಆಟ ಆಡಿಸುತ್ತದೆ. ಚಿಲ್ಲರೆ ಇಲ್ಲ ಎಂದರೆ ಹತ್ತರ ನೋಟು ಮುರಿಸಲೇಬೇಕಲ್ಲ. ಮೂರನೆಯದು ಎರವಲನ್ನೇ ಬಿಟ್ಟು, 27ರಿಂದ 30ಕ್ಕೆ 3, 30ರಿಂದ 53ಕ್ಕೆ 23, ಒಟ್ಟು 26 ಎಂದು ಏಣಿ ಹತ್ತಿಸುತ್ತದೆ. ಪೇಟೆಯ ಹಳೇ ಅಂಗಡಿಯವರು ಚಿಲ್ಲರೆ ಎಣಿಸುತ್ತಿದ್ದ ಲೆಕ್ಕ ಅದು.

ಎರಡನೇ ಸುತ್ತಿನಲ್ಲಿ ಅದಲುಬದಲು ಮಾಡಿ. ಒಂದು ಶಾಲೆಯಲ್ಲಿ ಫಲ ಕೊಟ್ಟದ್ದು ಇನ್ನೊಂದರಲ್ಲಿ ಕೊಡುತ್ತದೆಯೇ? ಕೊಡದಿದ್ದರೆ ಏನು ಬೇರೆ ಇತ್ತು? ನಾಲ್ಕೈದು ಕಡೆ ನಿಂತ ಉಪಾಯವನ್ನೇ ಬೇರೆಯವರಿಗೆ ಹೇಳಿ. ಒಂದು ಶಾಲೆಯಲ್ಲಿ ಒಂದು ವಾರ ನಡೆದದ್ದನ್ನು "ಯಶೋಗಾಥೆ" ಎಂದು ಬರೆದು ಜಿಲ್ಲೆಗೆ ಕಳಿಸುವ ಅವಸರ ಬೇಡ.

ಹಂತ 6: ಒಬ್ಬರ ತರಗತಿಗೆ ಒಬ್ಬರು ಹೋಗಿ

ಜಪಾನಿನ ಶಿಕ್ಷಕರಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ಪದ್ಧತಿ ಇದೆ. ಹೆಸರು ಜುಗ್ಯೋ ಕೆಂಕ್ಯು, ಅಂದರೆ ಪಾಠದ ಅಧ್ಯಯನ. ಶಿಕ್ಷಕರು ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಆಮೇಲೆ ಎಲ್ಲರೂ ಕೂತು ಪಾಠವನ್ನು ತಿದ್ದುತ್ತಾರೆ. ತಿದ್ದುವುದು ಪಾಠವನ್ನು, ಮಾಸ್ತರನ್ನಲ್ಲ.

ನಮ್ಮಲ್ಲಿ ತರಗತಿಗೆ ಹೊರಗಿನವರು ಬಂದರೆಂದರೆ ತಪಾಸಣೆ ಎಂದೇ ಮನಸ್ಸು ಹೆದರುತ್ತದೆ. ಆ ಹೆದರಿಕೆ ಹೋಗಲು ಕೆಲವು ನಿಯಮ ಇಟ್ಟುಕೊಳ್ಳಿ. ಒಂದು ಸಲಕ್ಕೆ ಮೂರು ಮಂದಿಗಿಂತ ಹೆಚ್ಚು ಹೋಗಬೇಡಿ. ಹಿಂದೆ ಕುರ್ಚಿ ಹಾಕಿ ಕೂರಬೇಡಿ, ಮಕ್ಕಳ ಪಕ್ಕ ಚಾಪೆಯ ಮೇಲೆ ಕೂತುಕೊಳ್ಳಿ. ಒಬ್ಬೊಬ್ಬರು ಒಂದೊಂದು ಮಗುವನ್ನು ಮಾತ್ರ ನೋಡಿ, ಆ ಮಗು ಏನು ಮಾಡಿತು, ಏನು ಹೇಳಿತು ಎಂದಷ್ಟೇ ಬರೆಯಿರಿ. ಪಾಠ ಮುಗಿದ ಮೇಲೆ ಪಾಠ ಮಾಡಿದವರೇ ಮೊದಲು ಮಾತಾಡಲಿ. "ನೀವು ಹೀಗೆ ಮಾಡಬೇಕಿತ್ತು" ಎಂಬ ಮಾತು ಬೇಡ. "ನಾನು ನೋಡಿದ ಮಗು ಇಲ್ಲಿ ನಿಂತಿತು" ಎಂದು ಹೇಳಿ.

ಹೀಗೆ ನೋಡಿದಾಗ ಸಿಗುವುದು ಏನೆಂದು ಒಂದು ಮಾತಿನಲ್ಲಿ ಹೇಳುತ್ತೇನೆ. ಕಾರವಾರದ ಕಡೆಯ ಒಂದು ತರಗತಿಯಲ್ಲಿ ಹುಡುಗಿಯೊಬ್ಬಳು "ಎರಡರ ವ್ಯತ್ಯಾಸ ಕಂಡುಹಿಡಿಯಿರಿ" ಎಂಬ ಲೆಕ್ಕದ ಮುಂದೆ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ಪಕ್ಕದಲ್ಲಿದ್ದ ಅಕ್ಕೋರು ಮೆಲ್ಲಗೆ "ಕಿತ್ಲೆ ಉರ್ಲೆ?" ಎಂದು ಕೊಂಕಣಿಯಲ್ಲಿ ಕೇಳಿದರು, ಎಷ್ಟು ಉಳಿಯಿತು ಎಂದು. ಹುಡುಗಿ ಬೆರಳು ಮಡಿಸಿ ತಕ್ಷಣ ಉತ್ತರ ಹೇಳಿದಳು. ಅವಳಿಗೆ ಲೆಕ್ಕ ಬರುತ್ತಿತ್ತು, "ವ್ಯತ್ಯಾಸ" ಎಂಬ ಪದ ಬರುತ್ತಿರಲಿಲ್ಲ. ಕರಿಹಲಗೆಯ ಮುಂದೆ ನಿಂತವರಿಗೆ ಇದು ಕಾಣಿಸುವುದೇ ಇಲ್ಲ.

ಹಂತ 7: ಸಭೆ ಒಂದೂವರೆ ಗಂಟೆ, ಕ್ರಮ ಹೀಗೆ

ಮೊದಲ ಹದಿನೈದು ನಿಮಿಷ ಎಣಿಕೆ ನೋಡಿ. ಮುಂದಿನ ನಲವತ್ತು ನಿಮಿಷ ಯಾರು ಏನು ಮಾಡಿ ನೋಡಿದರು ಎಂಬ ಮಾತು, ಅದರಲ್ಲೂ ಫಲ ಕೊಡದ ಪ್ರಯತ್ನ ಮೊದಲು. ಬಳಗದ ಹಿರಿಯರು ತಮ್ಮ ಸೋತ ಉಪಾಯವನ್ನೇ ಮೊದಲು ಹೇಳಿದರೆ ಉಳಿದವರ ಬಾಯಿ ತಾನಾಗಿ ಬಿಡುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಮಕ್ಕಳ ಪುಸ್ತಕ. ಕೊನೆಯ ಹದಿನೈದು ನಿಮಿಷ ಮುಂದಿನ ಚಕ್ರದ ಬರವಣಿಗೆ: ಯಾರು, ಯಾವ ತರಗತಿ, ಯಾವ ವಾರ. ಬರೆಯದೆ ಏಳಬೇಡಿ. ಸಭೆಯ ಜಾಗ ಪ್ರತಿ ಸಲ ಬದಲಾಗಲಿ. ಸುತ್ತೋಲೆ ಓದುವುದು ಈ ಸಭೆಯಲ್ಲಿ ಬೇಡವೇ ಬೇಡ, ಅದಕ್ಕೆ ಬೇರೆ ಸಭೆ ಇದೆ.

ಸಿಆರ್‌ಪಿ ಅವರು ಬರಲಿ, ಆದರೆ ಅಧ್ಯಕ್ಷರಾಗಿ ಅಲ್ಲ. ಅವರ ಕೈಯಲ್ಲಿ ಇರುವ ದೊಡ್ಡ ಶಕ್ತಿ ಎಂದರೆ ಎಲ್ಲ ಶಾಲೆಗೂ ಹೋಗಿ ಬರುವುದು. ಒಂದು ಶಾಲೆಯಲ್ಲಿ ಕಂಡ ಒಳ್ಳೆಯ ಸಂಗತಿಯನ್ನು ಇನ್ನೊಂದಕ್ಕೆ ಮುಟ್ಟಿಸುವವರು ಅವರೇ. ಸಂಚಾಲಕರು ಶಿಕ್ಷಕರಲ್ಲೇ ಒಬ್ಬರಿರಲಿ, ವರ್ಷಕ್ಕೊಮ್ಮೆ ಬದಲಾಗಲಿ.

ವಾಟ್ಸಾಪ್ ಗ್ರೂಪ್ ಬೇಕು, ಆದರೆ ಅದರಲ್ಲಿ ಶುಭೋದಯ ಬೇಡ. ಚೀಟಿಯ ಎಣಿಕೆ, ಮಕ್ಕಳ ಬರವಣಿಗೆಯ ಫೋಟೊ, ಒಂದು ಪ್ರಶ್ನೆ, ಒಂದು ಉತ್ತರ. ಮಕ್ಕಳ ಮುಖ, ಹೆಸರು ಎರಡನ್ನೂ ಹಾಕಬೇಡಿ. ತಪ್ಪು ಮಾಡಿದ ಪುಟದ ಮೇಲೆ ಮಗುವಿನ ಹೆಸರು ಕಾಣುವ ಫೋಟೊ ಊರೆಲ್ಲ ಸುತ್ತಿದರೆ ಆ ಮಗು ಮತ್ತೆ ನಿಮಗೆ ತನ್ನ ಪುಸ್ತಕ ತೋರಿಸುವುದಿಲ್ಲ.

ಹಂತ 8: ಕ್ಯಾಲೆಂಡರ್ ನಮ್ಮ ಊರಿನದಾಗಿರಲಿ

ಜೂನ್ ತಿಂಗಳು ಸೇತುಬಂಧಕ್ಕೆ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಕೆಲಸಕ್ಕೆ ಹೋಗುತ್ತದೆ. ಜುಲೈಯಲ್ಲಿ ಕರಾವಳಿಯ ಮಳೆ. ಯಾವ ದಿನ ರಜೆ ಎಂದು ಹಿಂದಿನ ರಾತ್ರಿಯವರೆಗೂ ಗೊತ್ತಿರುವುದಿಲ್ಲ. ಆ ಎರಡು ತಿಂಗಳಲ್ಲಿ ಹಂತ 1ರಿಂದ 3 ಮುಗಿಸಿಕೊಳ್ಳಿ, ಅನುಮತಿ, ಪತ್ರ, ಪುಸ್ತಕ ನೋಡುವುದು. ಮೊದಲ ಚಕ್ರ ಆಗಸ್ಟ್‌ನಲ್ಲಿ ಶುರುವಾಗಲಿ. ದಸರಾ ರಜೆಯ ಮೊದಲು ಎರಡು ಚಕ್ರ ಆಗುತ್ತವೆ. ರಜೆ ಮುಗಿದ ಮೇಲೆ ನವೆಂಬರ್‌ನಿಂದ ಜನವರಿ ಕೆಲಸಕ್ಕೆ ಒಳ್ಳೆಯ ಕಾಲ. ಘಟ್ಟದ ಮೇಲೆ ಅದೇ ಹೊತ್ತಿಗೆ ಅಡಿಕೆ ಕೊಯ್ಲು ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಫೆಬ್ರವರಿ ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಅದೇ ಕಾಲದಲ್ಲಿ. ಆ ದಿನಗಳಿಗೆ ಸಭೆ ಇಟ್ಟುಕೊಂಡು ಯಾರೂ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ.

ವರ್ಗಾವಣೆಯ ಮಾತೂ ಇಲ್ಲೇ ಹೇಳಬೇಕು. ಬಳಗ ಚೆನ್ನಾಗಿ ಕಟ್ಟಿಕೊಂಡ ಹೊತ್ತಿಗೆ ಇಬ್ಬರು ಬೇರೆ ತಾಲೂಕಿಗೆ ಹೋಗಿರುತ್ತಾರೆ. ಪ್ರತಿ ಶಾಲೆಯಿಂದ ಇಬ್ಬರಾದರೂ ಬಳಗದಲ್ಲಿರಲಿ, ಅತಿಥಿ ಶಿಕ್ಷಕರನ್ನೂ ಸೇರಿಸಿಕೊಳ್ಳಿ. ಎಷ್ಟೋ ಶಾಲೆಯಲ್ಲಿ ಆ ಮಕ್ಕಳ ಜೊತೆ ದಿನವಿಡೀ ಇರುವವರು ಅವರೇ. ಇನ್ನೂರು ಪುಟದ ಪುಸ್ತಕ ಶಾಲೆಯದು, ಶಿಕ್ಷಕರದಲ್ಲ. ಹೋಗುವವರು ಅದನ್ನು ಬರುವವರ ಕೈಗೆ ಕೊಟ್ಟು, ಒಂದು ಗಂಟೆ ಕೂತು ಪುಟ ಪುಟ ತೋರಿಸಿ ಹೋಗಲಿ.

ಪುಸ್ತಕದ ಮೊದಲ ಪುಟದಲ್ಲಿ ಏನು ಬರೆಯಬೇಕು ಎಂದೂ ಹಲವರು ಕೇಳುತ್ತಾರೆ. ಶಾಲೆಯ ಹೆಸರು, ತರಗತಿ, ಮಕ್ಕಳ ಸಂಖ್ಯೆ. ಕೆಳಗೆ ಗುರಿಯ ಒಂದು ವಾಕ್ಯ. ಅದರ ಕೆಳಗೆ ಮೊದಲ ಶುಕ್ರವಾರದ ತಾರೀಕು ಮತ್ತು ಆ ದಿನದ ಎಣಿಕೆ, ಅದು 6ರಲ್ಲಿ 1 ಇದ್ದರೂ ಇದ್ದ ಹಾಗೇ ಬರೆಯಿರಿ.